ಬಾಯ್ಲರ್ ಹೊತ್ತಿಕೊಂಡು ಮೂರೇ ಸೆಕೆಂಡಿಗೆ ಆರಿಹೋಗುತ್ತದೆ, ಯಾರಾದರೂ ದಾರಿ ಹೇಳಿ

ಚಳಿಬಿದ್ದವ (ಮಿಲ್ಟನ್ ಕೀನ್ಸ್)
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಇರುವವರು ದಯವಿಟ್ಟು ಓದಿ. ನಮ್ಮದು ಬಾಡಿಗೆ ಮನೆ, ಅಡುಗೆಮನೆ ಕಪಾಟಿನಲ್ಲಿ ಕಾಂಬಿ ಬಾಯ್ಲರ್ (ಮನೆ ಬೆಚ್ಚಗಿಡುವುದು, ನಲ್ಲಿಗೆ ಬಿಸಿನೀರು ಕೊಡುವುದು ಎರಡನ್ನೂ ಮಾಡುವ ಗ್ಯಾಸ್ ಯಂತ್ರ) ಇದೆ, ಸುಮಾರು ಎಂಟು ವರ್ಷ ಹಳೆಯದು, 30 ಕಿಲೋವ್ಯಾಟ್ ಅಂತ ಸ್ಟಿಕರ್ ಇದೆ. ನಾಲ್ಕು ದಿನದಿಂದ ಬೆಳಿಗ್ಗೆ ಹೀಟಿಂಗ್ ಶುರುವಾಗುವ ಹೊತ್ತಿಗೆ ಟಿಕ್ ಟಿಕ್ ಟಿಕ್ ಅನ್ನುತ್ತದೆ, ಬುಸ್ ಅಂತ ಒಂದು ಸದ್ದು, ಆಮೇಲೆ ಸುಮ್ಮನಾಗುತ್ತದೆ. ಹೀಗೆ ನಾಲ್ಕೈದು ಸಲ ಮಾಡಿ ಕೆಂಪು ದೀಪ ಹಾಕಿಕೊಂಡು ಕೂತುಬಿಡುತ್ತದೆ. ಮಧ್ಯಾಹ್ನ ರೀಸೆಟ್ ಒತ್ತಿದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಓಡುತ್ತದೆ. ಊರಿಂದ ಅಮ್ಮ ಬಂದು ಎರಡು ವಾರ ಆಯಿತು, ಅವರಿಗೆ ಈ ಚಳಿ ಮೊದಲ ಸಲ, ಎರಡು ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿದ್ದಾರೆ. ಬಾಡಿಗೆ ಏಜೆಂಟ್ ರಿಪೇರಿಯವರೊಬ್ಬರನ್ನು ಕಳಿಸಿದ್ದರು, ಅವರು ಮಧ್ಯಾಹ್ನ 2 ಗಂಟೆಗೆ ಬಂದು ಎಲೆಕ್ಟ್ರೋಡ್ (ಉರಿಯ ಹತ್ತಿರ ಇರುವ ಲೋಹದ ಕಡ್ಡಿ) ಬದಲಾಯಿಸಿ ಹೋದರು. ಮಾರನೇ ಬೆಳಿಗ್ಗೆ ಮತ್ತೆ ಅದೇ ಕಥೆ.

ಹುಬ್ಬಳ್ಳಿ_ಹುಡುಗ (ಅಬರ್ಡೀನ್)
ಅಣ್ಣಾ, ನಿನ್ನೆ ರಾತ್ರಿ ನಿಮ್ಮ ಕಡೆ ಮೈನಸ್ 4 ಇತ್ತಲ್ಲ. ಕಂಡೆನ್ಸೇಟ್ ಪೈಪ್ ಹೆಪ್ಪುಗಟ್ಟಿದೆ, ಬೇರೆ ಏನೂ ಅಲ್ಲ. ಬಾಯ್ಲರಿಂದ ಹೊರಗಡೆ ಗೋಡೆಗೆ ಒಂದು ಬಿಳಿ ಪ್ಲಾಸ್ಟಿಕ್ ಪೈಪ್ ಹೋಗಿರುತ್ತದೆ ನೋಡಿ, ಅದೇ. ಹೊಸ ಬಾಯ್ಲರುಗಳು ಹೊಗೆಯಲ್ಲಿರುವ ಆವಿಯನ್ನೂ ತಣಿಸಿ ಅದರ ಬಿಸಿಯನ್ನೂ ಹೀರಿಕೊಳ್ಳುತ್ತವೆ. ಆ ಆವಿ ನೀರಾಗಿ, ಪೂರ್ತಿ ಉರಿಯಲ್ಲಿ ಗಂಟೆಗೆ ಒಂದೆರಡು ಲೀಟರ್, ಈ ಪೈಪಿನಿಂದ ತೊಟ್ಟಿಕ್ಕುತ್ತಾ ಹೋಗುತ್ತದೆ. ಹೊರಗಡೆ ಸಣ್ಣ ಪೈಪ್ ಇದ್ದರೆ ರಾತ್ರಿ ಅದು ಐಸ್ ಕ್ಯಾಂಡಿ ಆಗುತ್ತದೆ. ನೀರು ಹಿಂದಕ್ಕೆ ತುಂಬಿ ಬಾಯ್ಲರೊಳಗೆ ಬಂದರೆ ಉರಿ ನಿಲ್ಲುವುದಿಲ್ಲ. 2010ರ ಡಿಸೆಂಬರಿನಲ್ಲಿ, ಈ ದೇಶದಲ್ಲಿ ನೂರು ವರ್ಷದಲ್ಲೇ ಅಷ್ಟು ಚಳಿಯ ಡಿಸೆಂಬರ್ ಇರಲಿಲ್ಲ ಅನ್ನುತ್ತಾರೆ, ನಮ್ಮ ಬೀದಿಯಲ್ಲಿ ಅರ್ಧ ಮನೆಗಳ ಬಾಯ್ಲರ್ ಹೀಗೇ ನಿಂತಿದ್ದವು. ಕುದಿಯುವ ನೀರು ತಗೊಂಡು ಹೋಗಿ ಪೈಪಿನ ಮೇಲೆ ಸುರಿಯಿರಿ, ಮುಗೀತು.

ಮಲ್ಲಿಗೆಇಡ್ಲಿ (ಸ್ಲೌ)
ಕುದಿಯುವ ನೀರು ಬೇಡ! ಪ್ಲಾಸ್ಟಿಕ್ ಪೈಪ್ ಸೀಳಿಬಿಡುತ್ತದೆ, ಕೆಳಗೆ ಸುರಿದ ನೀರು ಮತ್ತೆ ಹೆಪ್ಪುಗಟ್ಟಿದರೆ ಅಮ್ಮ ಜಾರಿ ಬೀಳುತ್ತಾರೆ. ಸ್ನಾನಕ್ಕೆ ತಗೊಳ್ಳುವಷ್ಟು ಬಿಸಿ ಇದ್ದರೆ ಸಾಕು. ಇಲ್ಲವೇ ಬಿಸಿನೀರಿನ ಚೀಲವನ್ನು ಪೈಪಿಗೆ ಕಟ್ಟಿ. ಬಗ್ಗಿದ ಕಡೆ ಮತ್ತೆ ತುದಿಯಲ್ಲಿ ಜಾಸ್ತಿ ಹೆಪ್ಪುಗಟ್ಟುವುದು, ಅಲ್ಲಿಂದ ಶುರು ಮಾಡಿ. ಮತ್ತೆ ಅಣ್ಣ, ನೀವು ಬಾಡಿಗೆಗೆ ಇರುವುದು, ಓನರ್ ಮಾಡಿಸಿಕೊಡಬೇಕು. 1985ರ ಬಾಡಿಗೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೀಟಿಂಗ್, ಬಿಸಿನೀರು ಎರಡೂ ಅವರ ತಲೆನೋವು. ನೀವು ಹಣ ಕೊಟ್ಟು ಆಮೇಲೆ ಕೇಳುವುದು ಬೇಡ, ಈಗಲೇ ಇಮೇಲ್ ಹಾಕಿ, ಫೋನ್ ಮಾತು ಲೆಕ್ಕಕ್ಕಿಲ್ಲ.

ಚಳಿಬಿದ್ದವ
ಮಲ್ಲಿಗೆಇಡ್ಲಿ ಅಕ್ಕ ಹೇಳಿದ ಹಾಗೆ ಬೆಚ್ಚಗಿನ ನೀರು ಎರಡು ಜಗ್ ಹಾಕಿ ಬಂದೆ, ಒಂಬತ್ತೂವರೆಗೆ ರೀಸೆಟ್ ಒತ್ತಿದೆ, ಮೊದಲನೇ ಸಲಕ್ಕೇ ಹೊತ್ತಿಕೊಂಡಿತು!! ಹುಬ್ಬಳ್ಳಿ ಅಣ್ಣ, ನಿಮಗೆ ಒಂದು ಪ್ಲೇಟ್ ಗಿರ್ಮಿಟ್ ಬಾಕಿ.

ಹುಬ್ಬಳ್ಳಿ_ಹುಡುಗ
ಹೇಳಿದೆನಲ್ಲ. ಮಿರ್ಚಿನೂ ಸೇರಿಸಿ.

ಚಳಿಬಿದ್ದವ
(ಮಾರನೇ ದಿನ) ಗಿರ್ಮಿಟ್ ಕ್ಯಾನ್ಸಲ್. ರಾತ್ರಿ ಮಳೆ ಬಂತು, ಹೊರಗೆ ಪ್ಲಸ್ 6, ಪೈಪ್ ಮುಟ್ಟಿ ನೋಡಿದೆ, ಐಸ್ ಇಲ್ಲ, ನೀರು ತೊಟ್ಟಿಕ್ಕುತ್ತಾ ಇದೆ. ಆರು ಗಂಟೆಗೆ ಮತ್ತೆ ಟಿಕ್ ಟಿಕ್ ಬುಸ್, ಸುಮ್ಮನೆ.

ಗೀಸರ್_ಗುಂಡ (ರಾಜಾಜಿನಗರ)
ನಾನು ಬೆಂಗಳೂರಿನವನು, ಬಾಯ್ಲರ್ ಕಂಡಿಲ್ಲ, ಆದರೆ ಗ್ಯಾಸ್ ಗೀಸರ್ ಜೊತೆ ಹತ್ತು ವರ್ಷ ಜಗಳ ಆಡಿದ್ದೇನೆ. ಬ್ಯಾಟರಿ ಬದಲಾಯಿಸಿದ್ರಾ? ನಮ್ಮದರಲ್ಲಿ ದಪ್ಪ ಸೆಲ್ ಎರಡು ಇರುತ್ತವೆ, ವೀಕ್ ಆದರೆ ಬರೀ ಟಿಕ್ ಟಿಕ್.

ಉಡುಪಿ_ಸ್ಪ್ಯಾನರ್ (ಲೆಸ್ಟರ್)
ಮಾರಾಯ್ರೆ, ಇವರ ಬಾಯ್ಲರಿಗೆ ಸೆಲ್ ಇಲ್ಲ, ಅದು ಕರೆಂಟಿನದ್ದು. ನಾನು ಇಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸ ಮಾಡಲು ಅನುಮತಿ ಇರುವವರ ಪಟ್ಟಿ) ಇರುವವ, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಎಲ್ಲರೂ ಒಂದೊಂದು ಪಾರ್ಟಿನ ಹೆಸರು ಹೇಳುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಬಾಯ್ಲರ್ ಹೊತ್ತಿಕೊಳ್ಳುವುದು ಒಂದೇ ಕೆಲಸ ಅಲ್ಲ, ಸಾಲಾಗಿ ಆರೇಳು ಕೆಲಸ. ಯಾವ ಮೆಟ್ಟಿಲಲ್ಲಿ ನಿಲ್ಲುತ್ತದೆ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ.

ಮೊದಲು ಬಿಸಿ ಬೇಕು ಅಂತ ಥರ್ಮೋಸ್ಟಾಟ್ ಅಥವಾ ನಲ್ಲಿ ಹೇಳಬೇಕು. ಒಳಗಿನ ನೀರಿನ ಒತ್ತಡ ಸರಿ ಇದೆಯಾ ಅಂತ ಬಾಯ್ಲರ್ ನೋಡುತ್ತದೆ, ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು, ತೀರಾ ಇಳಿದಿದ್ದರೆ ಹೊತ್ತಿಸುವ ಪ್ರಯತ್ನವನ್ನೇ ಮಾಡುವುದಿಲ್ಲ. ಆಮೇಲೆ ಫ್ಯಾನ್ ತಿರುಗುತ್ತದೆ, ಹಳೆ ಗಾಳಿ ಹೊರಗೆ. ಆಮೇಲೆ ಕಿಡಿ, ಅದೇ ನಿಮ್ಮ ಟಿಕ್ ಟಿಕ್. ಅದರ ಜೊತೆಗೇ ಗ್ಯಾಸ್ ವಾಲ್ವ್ ತೆರೆಯುತ್ತದೆ, ಬುಸ್ ಅಂತ ಉರಿ. ಕೊನೆಗೆ ಉರಿ ನಿಜವಾಗಿ ಇದೆಯಾ ಅಂತ ಒಳಗಿನ ಸರ್ಕ್ಯೂಟ್ ಬೋರ್ಡ್ ಖಾತ್ರಿ ಮಾಡಿಕೊಳ್ಳಬೇಕು. ಖಾತ್ರಿ ಆಗದಿದ್ದರೆ ಗ್ಯಾಸ್ ಬಂದ್, ಮತ್ತೆ ಮೊದಲಿಂದ. ಮೂರೋ ಐದೋ ಸಲ ನೋಡಿ ಲಾಕ್ ಆಗುತ್ತದೆ. ಅದು ಕೆಟ್ಟಿರುವುದಲ್ಲ, ಬುದ್ಧಿವಂತಿಕೆ. ಹೊತ್ತದ ಗ್ಯಾಸ್ ಒಳಗೆ ತುಂಬಿಕೊಂಡರೆ ಏನಾಗುತ್ತದೆ ಅಂತ ನಾನು ಬರೆಯಬೇಕಾಗಿಲ್ಲ. ಅದಕ್ಕೇ ರೀಸೆಟ್ ಒಂದು, ಹೆಚ್ಚೆಂದರೆ ಎರಡು ಸಲ. ಲಿಫ್ಟ್ ಬಟನ್ ಒತ್ತಿದ ಹಾಗೆ ಒತ್ತುತ್ತಾ ಇರಬೇಡಿ.

ಈಗ ನೀವು ಹೇಳಿ. ತೊಂದರೆ ತೋರಿಸುವ ಕೋಡ್ ಏನು ಬರುತ್ತದೆ? ಸಣ್ಣ ಗಾಜಿನ ಕಿಂಡಿ ಇದ್ದರೆ ಉರಿ ಕಾಣುತ್ತದಾ? ಎಷ್ಟು ಸೆಕೆಂಡ್? ಗುಳುಗುಳು ಅಂತ ನೀರಿನ ಸದ್ದು ಇದೆಯಾ? ಮುಚ್ಚಳ ತೆಗೆಯಬೇಡಿ, ಹೊರಗಿಂದಲೇ ನೋಡಿ.

ಚಳಿಬಿದ್ದವ
ಸಾರ್, ಕಿಂಡಿ ಇದೆ. ನೀಲಿ ಉರಿ ಬರುತ್ತದೆ, ಮೂರು ಸೆಕೆಂಡ್ ಇರುತ್ತದೆ, ಸ್ವಲ್ಪ ನಡುಗಿ ಆರುತ್ತದೆ. ಗುಳುಗುಳು ಇಲ್ಲ. ಮುಳ್ಳು 1.3 ತೋರಿಸುತ್ತದೆ. ಕೋಡ್ ಪುಸ್ತಕದಲ್ಲಿ ಇಗ್ನಿಷನ್ ಲಾಕೌಟ್, ಅಂದರೆ ಹೊತ್ತದೆ ಲಾಕ್ ಆಯಿತು ಅಂತ ಇದೆ. ಗ್ಯಾಸ್ ಇದೆ, ಸ್ಟವ್ ಚೆನ್ನಾಗಿ ಉರಿಯುತ್ತದೆ.

ಉಡುಪಿ_ಸ್ಪ್ಯಾನರ್
ಹಾಗಾದರೆ ಅರ್ಧ ಕೆಲಸ ಆಯಿತು. ಉರಿ ಕಾಣುತ್ತದೆ ಅಂದರೆ ಥರ್ಮೋಸ್ಟಾಟ್, ನೀರಿನ ಒತ್ತಡ, ಫ್ಯಾನ್, ಕಿಡಿ, ವಾಲ್ವ್ ಇಷ್ಟೂ ಪಾಸು. ಒಂದೋ ಉರಿ ಇದ್ದರೂ ಬೋರ್ಡಿಗೆ ಕಾಣುತ್ತಿಲ್ಲ, ಇಲ್ಲವೇ ಉರಿಯೇ ನಿಜವಾಗಿ ಸಾಯುತ್ತಿದೆ. ಎರಡಕ್ಕೂ ಬಹಳ ಕಂಪನಿಗಳಲ್ಲಿ ಹೆಚ್ಚುಕಡಿಮೆ ಒಂದೇ ಜಾತಿಯ ಕೋಡ್ ಬರುತ್ತದೆ. ವೈಲಂಟ್‌ನಲ್ಲಿ ಎಫ್ 28 ಅಂದರೆ ಶುರುವಿನಲ್ಲೇ ಹೊತ್ತಲಿಲ್ಲ, ಎಫ್ 29 ಅಂದರೆ ಓಡುವಾಗ ಆರಿತು. ವೂಸ್ಟರ್‌ನಲ್ಲಿ ಇಎ 227, ಐಡಿಯಲ್‌ನಲ್ಲಿ ಎಲ್ 2, ಬ್ಯಾಕ್ಸಿಯಲ್ಲಿ ಇ 133. ಕೋಡ್ ಹೇಳುವುದು ಎಲ್ಲಿ ನಿಂತಿತು ಅಂತ, ಯಾಕೆ ನಿಂತಿತು ಅಂತ ಅಲ್ಲ. ಬಹಳ ಜನ ಇಲ್ಲೇ ಎಡವುವುದು, ಕೋಡ್ ನೋಡಿ ಪಾರ್ಟ್ ತರಿಸುತ್ತಾರೆ.

ಅರ್ಧಕಪ್_ಕಾಫಿ (ಕೇಂಬ್ರಿಡ್ಜ್)
ಉರಿ ಇದೆಯಾ ಅಂತ ಬೋರ್ಡಿಗೆ ಹೇಗೆ ಗೊತ್ತಾಗುತ್ತದೆ ಅನ್ನುವುದು ನನಗೆ ಬಹಳ ಇಷ್ಟದ ವಿಷಯ, ಎಲೆಕ್ಟ್ರಾನಿಕ್ಸ್ ನನ್ನ ಹೊಟ್ಟೆಪಾಡು, ಆದ್ದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ. ಬೆಂಕಿ ಕರೆಂಟ್ ಹರಿಸುತ್ತದೆ! ಉರಿಯೊಳಗೆ ಅಯಾನುಗಳು ಇರುತ್ತವಲ್ಲ. ಒಂದು ಕಡ್ಡಿಯನ್ನು, ಅದೇ ಎಲೆಕ್ಟ್ರೋಡ್, ಉರಿಯಲ್ಲಿ ಇಟ್ಟು ಎಸಿ ವೋಲ್ಟೇಜ್ ಕೊಡುತ್ತಾರೆ. ಕಡ್ಡಿ ಸಣ್ಣದು, ಬರ್ನರ್ ದೊಡ್ಡದು, ಅದಕ್ಕೇ ಕರೆಂಟ್ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಿಯುತ್ತದೆ. ಅಂದರೆ ಉರಿಯೇ ಡಯೋಡ್. ಕೆಲವೇ ಮೈಕ್ರೋಆಂಪ್, ಅಷ್ಟೇ. ಕಡ್ಡಿ ಮತ್ತು ಬರ್ನರ್ ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಎರಡೂ ಕಡೆ ಸಮ ಹರಿಯುತ್ತದೆ, ಆಗ ಬೋರ್ಡ್ ಮೋಸ ಹೋಗುವುದಿಲ್ಲ. ಕಡ್ಡಿ ಮೇಲೆ ಬಿಳಿ ಪುಡಿ ಕೂತರೂ, ಪಿಂಗಾಣಿ ಬಿರುಕು ಬಿಟ್ಟರೂ, ಅರ್ಥ್ ಸಡಿಲ ಆದರೂ ಈ ಮೈಕ್ರೋಆಂಪ್ ಕಳೆದುಹೋಗುತ್ತದೆ. ಹಾಗಾಗಿ ಎಲೆಕ್ಟ್ರೋಡ್ ಬದಲಾಯಿಸಿದ್ದು ಪೂರ್ತಿ ದಡ್ಡತನ ಏನಲ್ಲ.

ಉಡುಪಿ_ಸ್ಪ್ಯಾನರ್
ದಡ್ಡತನ ಅಲ್ಲ, ಆದರೆ ಎಲೆಕ್ಟ್ರೋಡ್ ಹಾಳಾಗಿದ್ದರೆ ಮಧ್ಯಾಹ್ನವೂ ಹಾಳಾಗಿಯೇ ಇರುತ್ತಿತ್ತು. ಬೆಳಿಗ್ಗೆ ಆರಕ್ಕೆ ಮಾತ್ರ ಹಾಳಾಗಿ ಒಂಬತ್ತೂವರೆಗೆ ಸರಿಯಾಗುವ ಎಲೆಕ್ಟ್ರೋಡ್ ನಾನಂತೂ ನೋಡಿಲ್ಲ. ಮಧ್ಯಾಹ್ನ ಎರಡಕ್ಕೆ ಬಂದು ನೋಡಿದವನಿಗೆ ಕಾಯಿಲೆಯೇ ಕಾಣಲಿಲ್ಲ. ಚಳಿಬಿದ್ದವರೇ, ಆರಕ್ಕೂ ಒಂಬತ್ತೂವರೆಗೂ ಮನೆಯಲ್ಲಿ ಏನು ವ್ಯತ್ಯಾಸ? ಚಳಿ ಒಂದೇ ಅಲ್ಲ, ಎಲ್ಲ ಯೋಚನೆ ಮಾಡಿ. ಮತ್ತೆ ಶವರ್ ಹೇಗಿದೆ?

ಚಳಿಬಿದ್ದವ
ಶವರ್... ನೀವು ಕೇಳಿದ ಮೇಲೆ ಹೊಳೆಯಿತು. ಎರಡು ವಾರದಿಂದ ಉಗುರುಬೆಚ್ಚಗೆ. ಚಳಿಗಾಲ ಅಲ್ವಾ, ನೀರು ಜಾಸ್ತಿ ತಣ್ಣಗಿದೆ ಅಂದುಕೊಂಡು ಸುಮ್ನಿದ್ದೆ. ವ್ಯತ್ಯಾಸ ಅಂದರೆ ಏನಿಲ್ಲ, ಆರಕ್ಕೆ ಎಲ್ಲರೂ ಏಳುತ್ತೇವೆ, ಒಂಬತ್ತೂವರೆಗೆ ಮಕ್ಕಳು ಸ್ಕೂಲಿಗೆ ಹೋಗಿರುತ್ತಾರೆ.

ಗೀಸರ್_ಗುಂಡ
ನಮ್ಮ ಗೀಸರ್ ಕಥೆ ಹೇಳುತ್ತೇನೆ, ಉಪಯೋಗ ಆದರೆ ಆಗಲಿ. ನಾವು ಮೂರನೇ ಮಹಡಿ, ತಲೆ ಮೇಲೆಯೇ ಟ್ಯಾಂಕು. ನೀರು ಜೋರಾಗಿ ಹರಿದರೆ ಒಳಗಿನ ರಬ್ಬರ್ ಪದರ ಉಬ್ಬಿ ಸಣ್ಣ ಸ್ವಿಚ್ ಒತ್ತುತ್ತದೆ, ಆಗ ಕಿಡಿ. ಟ್ಯಾಂಕಿಗೂ ನಲ್ಲಿಗೂ ಎತ್ತರ ಸಾಲದೆ ಅದು ಉಬ್ಬುವುದೇ ಇಲ್ಲ. ಕೆಳಗಿನ ಮನೆಯವರಿಗೆ ಚೆನ್ನಾಗಿ ಹೊತ್ತುತ್ತದೆ, ನಮಗಿಲ್ಲ. ಜೊತೆಗೆ ಬೋರ್‌ವೆಲ್ ನೀರು, ಜಾಲರಿ ತುಂಬ ಬಿಳಿ ಸುಣ್ಣ. ಕೊನೆಗೆ ಪೈಪಿನಲ್ಲಿ ಗ್ಯಾಸ್ ಬಂತು, ಹಳೆ ಗೀಸರನ್ನೇ ಅದಕ್ಕೆ ಜೋಡಿಸಿದೆವು, ಹೊತ್ತಲೇ ಇಲ್ಲ. ಸಿಲಿಂಡರ್ ಗ್ಯಾಸಿಗೆ ಮಾಡಿದ ಜೆಟ್ಟಿನ ತೂತು ಸಣ್ಣದಂತೆ, ಪೈಪ್ ಗ್ಯಾಸಿಗೆ ದೊಡ್ಡದು ಬೇಕಂತೆ. ಅದನ್ನು ನಾವೇ ಡ್ರಿಲ್ ಮಾಡಬಹುದಾ ಅಂತ ನಮ್ಮ ಭಾವ ಕೇಳಿದರು.

ಉಡುಪಿ_ಸ್ಪ್ಯಾನರ್
ಭಾವನ ಕೈಯಿಂದ ಡ್ರಿಲ್ ಕಿತ್ತಿಟ್ಟುಕೊಳ್ಳಿ. ಸಿಲಿಂಡರ್ ಗ್ಯಾಸ್ ಮನೆಗೆ ಸುಮಾರು 30 ಮಿಲಿಬಾರಿನಲ್ಲಿ ಬರುತ್ತದೆ, ಪೈಪಿನದ್ದು ಸುಮಾರು 21ರಲ್ಲಿ, ಅದರ ಮೇಲೆ ಒಂದೇ ಅಳತೆಯ ಸಿಲಿಂಡರ್ ಗ್ಯಾಸಿಗೆ ಎರಡೂವರೆ ಪಾಲು ಹೆಚ್ಚು ಶಕ್ತಿ. ತೂತು ಅಂದಾಜಿನಲ್ಲಿ ಮಾಡಿದರೆ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಗೀಸರ್ ಬಚ್ಚಲುಮನೆ ಒಳಗೆ ಇದೆಯಾ?

ಗೀಸರ್_ಗುಂಡ
ಈಗ ಇಲ್ಲ. ಬಾಲ್ಕನಿಗೆ ಹಾಕಿಸಿದೆವು. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಹುಡುಗ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವನು ಎದ್ದು ಬರಲಿಲ್ಲ. ವಾಸನೆ ಇಲ್ಲ, ಹೊಗೆ ಇಲ್ಲ, ಏನೂ ಇಲ್ಲ.

ಮಲ್ಲಿಗೆಇಡ್ಲಿ
ಅಯ್ಯೋ. ಚಳಿಬಿದ್ದವರೇ, ನಿಮ್ಮ ಮನೆಯಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ ಇದೆಯಾ? ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಡಿಗೆ ಮನೆಯಲ್ಲಿ ಬಾಯ್ಲರ್ ಇರುವ ಕೋಣೆಗೆ ಓನರ್ ಅದನ್ನು ಹಾಕಿಸಿಕೊಡಲೇಬೇಕು. ವರ್ಷಕ್ಕೊಮ್ಮೆ ಗ್ಯಾಸ್ ಚೆಕ್ ಮಾಡಿಸಿ ಕಾಗದ ಕೊಡಬೇಕು. ಮೊದಲು ಬಂದವರ ಹತ್ತಿರ ಗ್ಯಾಸ್ ಸೇಫ್ ಕಾರ್ಡ್ ಕೇಳಿದ್ರಾ? ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಕಾರ್ಡಿನ ಹಿಂಬದಿಯಲ್ಲಿ ಬರೆದಿರುತ್ತದೆ.

ಚಳಿಬಿದ್ದವ
ಅಲಾರಂ ಇದೆ, ಬಟನ್ ಒತ್ತಿ ನೋಡಿದೆ, ಕೂಗಿತು, ಅಮ್ಮ ಬೆಚ್ಚಿಬಿದ್ದರು. ಕಾರ್ಡ್ ಕೇಳಲಿಲ್ಲ ಅಕ್ಕ, ನಾಚಿಕೆ ಆಯಿತು.

ಮಲ್ಲಿಗೆಇಡ್ಲಿ
ನಾಚಿಕೆ ಎಂಥದ್ದು, ಅವರೇ ತೋರಿಸಬೇಕು. ಮುಂದಿನ ಸಲ ಬಾಗಿಲಲ್ಲೇ ಕೇಳಿ.

ಚಳಿಬಿದ್ದವ
(ಶನಿವಾರ ಬೆಳಿಗ್ಗೆ) ಸ್ಪ್ಯಾನರ್ ಸಾರ್, ಒಂದು ವಿಚಿತ್ರ ವಿಷಯ. ಇದನ್ನು ಕಂಡುಹಿಡಿದಿದ್ದು ನಾನಲ್ಲ, ಅಮ್ಮ. ಬೆಳಿಗ್ಗೆ ಅವರು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು, ನಾನು ಕಿಂಡಿ ನೋಡುತ್ತಾ ಸೆಕೆಂಡ್ ಎಣಿಸುತ್ತಿದ್ದೆ. "ಅದು ಟಿಕ್ ಟಿಕ್ ಅಂದಾಗಲೆಲ್ಲ ನನ್ನ ಹೆಂಚಿನ ಉರಿ ಕೂತುಬಿಡುತ್ತದಲ್ಲೋ, ರೊಟ್ಟಿ ಬೇಯುವುದೇ ಇಲ್ಲ, ನಾಲ್ಕು ದಿನದಿಂದ ನೋಡ್ತಿದೀನಿ" ಅಂದರು. ನಾಲ್ಕು ದಿನದಿಂದ! ಯಾಕೆ ಹೇಳಲಿಲ್ಲ ಅಂದರೆ, ಇಲ್ಲಿನ ಒಲೆಯೇ ಹೀಗೇನೋ ಅಂದುಕೊಂಡೆ ಅಂತಾರೆ. ಒಂದು ಒಲೆಯಲ್ಲಿ ರೊಟ್ಟಿ, ಒಂದರಲ್ಲಿ ಪಲ್ಯ, ಇನ್ನೊಂದರಲ್ಲಿ ಹಾಲು. ಬಾಯ್ಲರ್ ಬುಸ್ ಅಂದ ತಕ್ಷಣ ಮೂರೂ ಉರಿ ಗುಬ್ಬಿಯಷ್ಟಾಗುತ್ತದೆ, ಬಾಯ್ಲರ್ ಆರಿದ ತಕ್ಷಣ ಮತ್ತೆ ಏಳುತ್ತದೆ. ನಾನೂ ನೋಡಿದೆ. ಒಲೆ ಮೂರನ್ನೂ ಆರಿಸಿ ರೀಸೆಟ್ ಒತ್ತಿದೆ. ಬಾಯ್ಲರ್ ಹೊತ್ತಿತು.

ಉಡುಪಿ_ಸ್ಪ್ಯಾನರ್
ಅಮ್ಮನಿಗೆ ನನ್ನ ದೊಡ್ಡ ನಮಸ್ಕಾರ ಹೇಳಿ. ನಿಜವಾಗಿ ಹೇಳುತ್ತೇನೆ, ನಾನು ಬಂದಿದ್ದರೂ ಇದನ್ನು ಇಷ್ಟು ಬೇಗ ಹಿಡಿಯುತ್ತಿರಲಿಲ್ಲ.

ಈಗ ಕೇಳಿ. "ಸ್ಟವ್ ಉರಿಯುತ್ತದೆ, ಆದ್ದರಿಂದ ಗ್ಯಾಸ್ ಇದೆ" ಅಂತ ಎಲ್ಲರೂ ಹೇಳುತ್ತಾರೆ, ಇಂಟರ್ನೆಟ್ ತುಂಬ ಅದೇ. ಅದು ಅರ್ಧ ಸತ್ಯ. ಒಂದು ಒಲೆಗೆ ಬೇಕಾಗುವುದು ಸುಮಾರು 2 ಕಿಲೋವ್ಯಾಟ್, ನಿಮ್ಮ ಬಾಯ್ಲರಿಗೆ ಪೂರ್ತಿ ಉರಿಯಲ್ಲಿ 30ಕ್ಕಿಂತ ಜಾಸ್ತಿ. ಹದಿನೈದು ಒಲೆ ಒಟ್ಟಿಗೆ ಹಚ್ಚಿದ ಹಾಗೆ. ಊರಿನಲ್ಲಿ ಟ್ಯಾಂಕಿನ ಗೇಟ್ ವಾಲ್ವ್ ಅರ್ಧ ಮುಚ್ಚಿದ್ದರೆ ಏನಾಗುತ್ತದೆ? ಒಂದು ನಲ್ಲಿ ಬಿಟ್ಟರೆ ಚೆನ್ನಾಗಿಯೇ ಬರುತ್ತದೆ. ಇನ್ನೊಂದು ಕಡೆ ಯಾರೋ ನಲ್ಲಿ ತಿರುಗಿಸಿದರೆ ನಿಮ್ಮದು ತೊಟ್ಟಿಕ್ಕುತ್ತದೆ. ಗ್ಯಾಸೂ ಅಷ್ಟೇ. ನಿಂತಾಗ ಎಷ್ಟಿದೆ ಅನ್ನುವುದು ಮುಖ್ಯ ಅಲ್ಲ, ಹರಿಯುವಾಗ ಎಷ್ಟು ಉಳಿಯುತ್ತದೆ ಅನ್ನುವುದು ಮುಖ್ಯ. ಇಲ್ಲಿ ಮನೆಗೆ ಬರುವ ಗ್ಯಾಸ್ ಹರಿಯುವಾಗಲೂ 20 ಮಿಲಿಬಾರಿನ ಆಸುಪಾಸು ಇರಬೇಕು, ಗ್ಯಾಸ್ ಮೀಟರಿಂದ ಬಾಯ್ಲರಿಗೆ ಬರುವಷ್ಟರಲ್ಲಿ 1 ಮಿಲಿಬಾರಿಗಿಂತ ಜಾಸ್ತಿ ಇಳಿಯಬಾರದು. 20 ಮಿಲಿಬಾರ್ ಅಂದರೆ ಒಂದು ಗೇಣು ನೀರಿನ ಒತ್ತಡ ಅಷ್ಟೇ, ನೀವು ಬಾಯಲ್ಲಿ ಊದಿದರೂ ಅದಕ್ಕಿಂತ ಜಾಸ್ತಿ. ಅಷ್ಟರಲ್ಲೇ ಎಲ್ಲ ನಡೆಯಬೇಕು, ಅದಕ್ಕೇ ಸಣ್ಣ ಅಡ್ಡಿಯೂ ದೊಡ್ಡದಾಗುತ್ತದೆ.

ಇನ್ನೊಂದು ಸೂಕ್ಷ್ಮ. ಒಲೆಯ ಉರಿಯೂ ಕೂತಿತು ಅಂದರೆ ಅಡ್ಡಿ ಬಾಯ್ಲರಿನ ಒಳಗಿಲ್ಲ. ಬಾಯ್ಲರಿನ ಕೆಳಗಿನ ಗ್ಯಾಸ್ ಕಾಕ್ ಅರ್ಧ ಮುಚ್ಚಿದ್ದರೆ ಬಾಯ್ಲರ್ ಒಂದೇ ಒದ್ದಾಡುತ್ತಿತ್ತು, ರೊಟ್ಟಿ ಬೇಯುತ್ತಿತ್ತು. ಎರಡಕ್ಕೂ ಹೋಗುವ ಪೈಪ್ ಎಲ್ಲಿ ಕವಲಾಗುತ್ತದೋ ಅದಕ್ಕಿಂತ ಹಿಂದೆ ಎಲ್ಲೋ ತೊಂದರೆ ಇದೆ. ಪೈಪ್ ಸಣ್ಣದಿರಬಹುದು, ಮೀಟರಿನ ರೆಗ್ಯುಲೇಟರ್ ಇರಬಹುದು, ಮೀಟರ್ ಹತ್ತಿರ ಗ್ಯಾಸ್ ಮುಚ್ಚುವ ಹಿಡಿ ಇರಬಹುದು. ಮೀಟರ್ ಎಲ್ಲಿದೆ ನಿಮ್ಮ ಮನೆಯಲ್ಲಿ?

ಅರ್ಧಕಪ್_ಕಾಫಿ
ಆಹಾ. ಇದು ಲೋಡ್ ಹಾಕಿದರೆ ವೋಲ್ಟೇಜ್ ಬೀಳುವ ಕಥೆಯೇ. ಸರ್ವೀಸ್ ವೈರ್ ಸಡಿಲ ಇದ್ದರೆ ಮಿಕ್ಸಿ ಹಾಕಿದಾಗ ಬಲ್ಬ್ ಮಂಕಾಗುವ ಹಾಗೆ. ನನ್ನ ಡಯೋಡ್ ಭಾಷಣ ಎಲ್ಲ ವ್ಯರ್ಥ.

ಚಳಿಬಿದ್ದವ
ಮೀಟರ್ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದೆ. ಅಲ್ಲಿಗೆ ಹೋಗಬೇಕಾದರೆ ಮೊದಲು ಅಮ್ಮನ ಎರಡು ಸೂಟ್‌ಕೇಸ್ ಎಳೆಯಬೇಕು. ಒಂದೊಂದು 23 ಕೆಜಿಯವು, ಚಟ್ನಿಪುಡಿ, ರಾಗಿಹಿಟ್ಟು, ಅಕ್ಕಿಹಿಟ್ಟು ಖಾಲಿ ಮಾಡಿದ ಮೇಲೂ ಅವೇನು ಹಗುರ ಆಗಿಲ್ಲ, ವಾಪಸ್ ಒಯ್ಯಲು ಆಗಲೇ ತುಂಬಿಸುತ್ತಿದ್ದಾರೆ.

ಉಡುಪಿ_ಸ್ಪ್ಯಾನರ್
ಸೂಟ್‌ಕೇಸನ್ನು ಅಲ್ಲಿ ಇಟ್ಟಿದ್ದು ಯಾವಾಗ?

ಚಳಿಬಿದ್ದವ
ಎರಡು ವಾರ...

ಅಯ್ಯೋ.

ಉಡುಪಿ_ಸ್ಪ್ಯಾನರ್
ಎಳೆದು ನೋಡಿ, ಆದರೆ ಮೀಟರ್ ಹತ್ತಿರ ಏನೂ ಮುಟ್ಟಬೇಡಿ. ಗ್ಯಾಸ್ ವಾಸನೆ ಬಂದರೆ ನೋಡುತ್ತಾ ನಿಲ್ಲಬೇಡಿ, ಸ್ವಿಚ್ ಒತ್ತಬೇಡಿ, ಕಿಟಕಿ ತೆಗೆದು ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ, ಅದು ದಿನವಿಡೀ ಇರುತ್ತದೆ. ವಾಸನೆ ಇಲ್ಲದಿದ್ದರೆ ಮೀಟರಿಗೆ ಗ್ಯಾಸ್ ಬರುವ ಪೈಪಿನ ಮೇಲೆ ಒಂದು ಹಿಡಿ ಇರುತ್ತದೆ. ಅದು ಪೈಪಿನ ನೇರಕ್ಕೆ ಇದ್ದರೆ ಪೂರ್ತಿ ತೆರೆದಿದೆ, ಅಡ್ಡ ಇದ್ದರೆ ಪೂರ್ತಿ ಮುಚ್ಚಿದೆ.

ಚಳಿಬಿದ್ದವ
ವಾಸನೆ ಇಲ್ಲ. ಹಿಡಿ ನೇರವೂ ಇಲ್ಲ, ಅಡ್ಡವೂ ಇಲ್ಲ. ಗಡಿಯಾರದಲ್ಲಿ ಒಂದೂವರೆಯ ಹತ್ತಿರ ನಿಂತ ಮುಳ್ಳಿನ ಹಾಗೆ ಓರೆಯಾಗಿದೆ. ಸೂಟ್‌ಕೇಸಿನ ಚಕ್ರ ಸರಿಯಾಗಿ ಅದರ ಮೇಲೆ ಕೂತಿತ್ತು. ಫೋಟೊ ಹಾಕಿದ್ದೇನೆ. ನಾನೇ ನೇರ ಮಾಡಿಬಿಡಲಾ?

ಹುಬ್ಬಳ್ಳಿ_ಹುಡುಗ
ಮಾಡಿಬಿಡಿ ಅಣ್ಣಾ, ಒಂದು ತಳ್ಳು ಅಷ್ಟೇ!

ಉಡುಪಿ_ಸ್ಪ್ಯಾನರ್
ಬೇಡ. ತುರ್ತಿನಲ್ಲಿ ಅದನ್ನು ಮುಚ್ಚುವುದು ಮನೆಯವರ ಕೆಲಸವೇ, ಅದಕ್ಕೇ ಇರುವುದು ಅದು. ಆದರೆ ತಾನಾಗಿ ಜಾರಿದ ಹಿಡಿ ಸಡಿಲ ಆಗಿದೆ ಅಂತ ಅರ್ಥ. ಆ ಹಿಡಿ ಕೆಳಗೆ ಬಿದ್ದರೆ ಗ್ಯಾಸ್ ಮುಚ್ಚುವ ಹಾಗೆಯೇ ಕೂರಿಸುವುದು ಪದ್ಧತಿ. ಒಲೆ ಉರಿಯುವಾಗ ಪೂರ್ತಿ ಮುಚ್ಚಿ ಮತ್ತೆ ತೆರೆದುಕೊಂಡರೆ ಹೊತ್ತದ ಗ್ಯಾಸ್ ಹೊರಗೆ. ಜೊತೆಗೆ ನೀವು ಸರಿ ಮಾಡಿಬಿಟ್ಟರೆ ಬಂದವನಿಗೆ ಮತ್ತೆ ಏನೂ ಕಾಣುವುದಿಲ್ಲ, "ಎಲ್ಲ ಸರಿ ಇದೆಯಲ್ಲ" ಅಂತ ಹೋಗುತ್ತಾನೆ. ಹಾಗೇ ಇರಲಿ. ಏಜೆಂಟಿಗೆ ಫೋಟೊ ಕಳಿಸಿ, "ಒಲೆ ಮತ್ತು ಬಾಯ್ಲರ್ ಒಟ್ಟಿಗೆ ಓಡುವಾಗ ಒತ್ತಡ ಅಳೆಯಬೇಕು" ಅಂತ ಈ ಮಾತುಗಳನ್ನೇ ಬರೆಯಿರಿ. ಅಲ್ಲಿಯವರೆಗೆ ಅಮ್ಮ ರೊಟ್ಟಿ ಮಾಡುವಾಗ ಹೀಟಿಂಗ್ ಬೇಡ, ಹೀಟಿಂಗ್ ಬೇಕಾದಾಗ ರೊಟ್ಟಿ ಬೇಡ.

ಮಲ್ಲಿಗೆಇಡ್ಲಿ
ಎರಡರಲ್ಲಿ ಒಂದು ಆರಿಸು ಅಂದರೆ ನಮ್ಮ ಅಮ್ಮ ರೊಟ್ಟಿಯೇ ಅನ್ನುತ್ತಾರೆ.

ಚಳಿಬಿದ್ದವ
ನಮ್ಮಮ್ಮನೂ ಅದೇ ಅಂದರು. ಚನ್ನಗಿರಿಯಲ್ಲಿ ಹಂಡೆ ಒಲೆಗೆ ನಾಲ್ಕು ಹಿಡಿ ಅಡಿಕೆ ಸಿಪ್ಪೆ ತುರುಕಿದರೆ ಮನೆ ಮಂದಿಗೆಲ್ಲ ನೀರು ಕಾಯುತ್ತಿತ್ತು, ಇದಕ್ಕೆ ಇಷ್ಟು ಪೂಜೆ ಅಂತ ಬೈಗುಳ ಬೇರೆ.

ಚಳಿಬಿದ್ದವ
(ಸೋಮವಾರ) ಇವತ್ತು ಬೇರೆಯವರು ಬಂದಿದ್ದರು. ಬಾಗಿಲಲ್ಲೇ ಕಾರ್ಡ್ ಕೇಳಿದೆ ಅಕ್ಕ, ನಗುತ್ತಾ ತೋರಿಸಿದರು. ಅವರು ಮಾಡಿದ್ದನ್ನು ಪೂರ್ತಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಮೊದಲು ಅಮ್ಮನಿಗೆ ಒಲೆ ಹಚ್ಚಲು ಹೇಳಿದರು. ಅಮ್ಮ ಖುಷಿಯಿಂದ ಹೆಂಚು ಇಟ್ಟೇಬಿಟ್ಟರು. ಮೀಟರಿಗೆ ಒಂದು ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿದರು, ಇನ್ನೊಂದು ತುದಿ ಕೈಯಲ್ಲಿ ಹಿಡಿದ ಅಳತೆ ಪೆಟ್ಟಿಗೆಗೆ. ಏನೂ ಓಡದಿದ್ದಾಗ 21 ಇತ್ತಂತೆ. ಮೂರು ಒಲೆ ಹಚ್ಚಿದಾಗ 19. ಬಿಸಿನೀರಿನ ನಲ್ಲಿ ಪೂರ್ತಿ ಬಿಟ್ಟು ಬಾಯ್ಲರ್ ಬುಸ್ ಅಂದಾಗ ನಾನು ನೋಡುತ್ತಲೇ ಇದ್ದೆ, 15, 12, 9 ಅಂತ ಇಳಿಯಿತು, ಬಾಯ್ಲರ್ ಆರಿತು, ಅಂಕಿ ಜಿಗಿದು 19ಕ್ಕೆ ಬಂತು. "ಅಲ್ಲಿದೆ ನೋಡಿ" ಅಂದರು. ಎಲ್ಲ ಆರಿಸಿ, ಹಿಡಿ ನೇರ ಮಾಡಿ, ಸೋರುತ್ತದಾ ಅಂತ ಪರೀಕ್ಷೆ ಮಾಡಿ, ಮತ್ತೆ ಎಲ್ಲ ಹಚ್ಚಿಸಿದರು. 20ರಲ್ಲಿ ಅಲ್ಲಾಡದೆ ನಿಂತಿತು. ಬಾಯ್ಲರ್ ಮೊದಲ ಟಿಕ್‌ಗೇ ಹೊತ್ತಿಕೊಂಡಿತು. ಆಮೇಲೆ ಬಾಯ್ಲರಿನ ಹತ್ತಿರವೂ ಅಳೆದರು, ಅಲ್ಲಿ 19 ಚಿಲ್ಲರೆ, ಪೈಪ್ ಸಾಕು ಅಂದರು. ಹೊಗೆಯನ್ನೂ ಒಂದು ಮಿಷನ್ ಇಟ್ಟು ನೋಡಿದರು. ಹೊಸ ಎಲೆಕ್ಟ್ರೋಡ್ ನೋಡಿ "ಹಳೆಯದೂ ಚೆನ್ನಾಗೇ ಇದ್ದಿರಬೇಕು" ಅಂದರು, ಅಷ್ಟೇ.

ಉಡುಪಿ_ಸ್ಪ್ಯಾನರ್
ಸರಿಯಾದ ಮನುಷ್ಯ. ಅಳೆದು ಕೆಲಸ ಮಾಡಿದ್ದಾರೆ. ಸಡಿಲ ಹಿಡಿ ಏನಾಯಿತು?

ಚಳಿಬಿದ್ದವ
ಅದು ಬೀದಿಯಿಂದ ಮನೆಗೆ ಗ್ಯಾಸ್ ಪೈಪ್ ತರುವ ನೆಟ್‌ವರ್ಕ್ ಕಂಪನಿಯವರ ಸೊತ್ತು, ಅವರೇ ಬಂದು ಸರಿ ಮಾಡಬೇಕು ಅಂತ ಅಲ್ಲಿಂದಲೇ ಫೋನ್ ಮಾಡಿಸಿದರು, ಸಂಜೆ ಬಂದು ಹೊಸದು ಹಾಕಿ ಹೋದರು, ನಮಗೆ ಖರ್ಚಿಲ್ಲ. ಆದರೆ ಏಜೆಂಟ್ ಈಗ ಇಮೇಲ್ ಹಾಕಿದ್ದಾರೆ, ಬಾಡಿಗೆದಾರರ ಸಾಮಾನಿನಿಂದ ಆದ ತೊಂದರೆ, ಎರಡು ಭೇಟಿಯ ಖರ್ಚೂ ನಾವೇ ಕೊಡಬೇಕಂತೆ.

ಮಲ್ಲಿಗೆಇಡ್ಲಿ
ಎರಡನೇ ಭೇಟಿ ಬಗ್ಗೆ ವಾದ ಮಾಡಬಹುದು, ಹಿಡಿ ಸಡಿಲ ಇತ್ತು ಅಂತ ಬಂದವರಿಂದ ಬರೆಸಿಕೊಳ್ಳಿ. ಮೊದಲನೆಯದು ಕೊಡಲೇಬೇಡಿ. ಅಳೆಯದೆ ಪಾರ್ಟ್ ಬದಲಾಯಿಸಿದ್ದು ನಿಮ್ಮ ಸೂಟ್‌ಕೇಸ್ ಅಲ್ಲವಲ್ಲ. ಉತ್ತರ ಬರೆದು ಇಲ್ಲಿ ಹಾಕಿ, ಕಳಿಸುವ ಮುಂಚೆ ನಾನು ನೋಡುತ್ತೇನೆ.

ಹುಬ್ಬಳ್ಳಿ_ಹುಡುಗ
ನನ್ನ ಗಿರ್ಮಿಟ್?

ಚಳಿಬಿದ್ದವ
ಅಮ್ಮ ಕೇಳುತ್ತಿದ್ದಾರೆ, ಪೈಪ್ ಅಂದವನಿಗೆ ಯಾಕೆ, ಉರಿ ಕೂತಿದ್ದು ನೋಡಿದವರಿಗೆ ಏನು ಅಂತ. ಸೂಟ್‌ಕೇಸ್ ಎರಡೂ ಈಗ ನನ್ನ ಮಂಚದ ಕೆಳಗೆ.

ತುಂಗೆಯ_ದಡ (ನ್ಯೂಕಾಸಲ್)
ಇದೇ ಸಮಸ್ಯೆ ನಮಗೂ ಇದೆ! ಆದರೆ ನಮ್ಮದರಲ್ಲಿ ಟಿಕ್ ಟಿಕ್ಕೂ ಇಲ್ಲ, ಬುಸ್ಸೂ ಇಲ್ಲ, ಫ್ಯಾನ್ ಕೂಡ ತಿರುಗುವುದಿಲ್ಲ. ಎಲೆಕ್ಟ್ರೋಡ್ ಹಾಕಿಸಲಾ, ಇಲ್ಲ ಮೀಟರ್ ನೋಡಲಾ?

ಉಡುಪಿ_ಸ್ಪ್ಯಾನರ್
ಇದೇ ಸಮಸ್ಯೆ ಅಲ್ಲ ಮಾರಾಯ್ರೆ. ನಿಮ್ಮದು ಇನ್ನೂ ಮೊದಲ ಮೆಟ್ಟಿಲೇ ಹತ್ತಿಲ್ಲ. ಒತ್ತಡದ ಮುಳ್ಳು ಎಷ್ಟರಲ್ಲಿದೆ, ಕೋಣೆಯ ಥರ್ಮೋಸ್ಟಾಟಿನ ಸೆಲ್ ಯಾವಾಗ ಬದಲಾಯಿಸಿದ್ದು, ಇವೆರಡನ್ನು ಮೊದಲು ಹೇಳಿ.

ಗೀಸರ್_ಗುಂಡ
ನೋಡಿ, ನಾನು ಮೊದಲೇ ಸೆಲ್ ಅಂದಿದ್ದೆ.